ಬಿಲ್ಲಿನ ಬೆನ್ನಿಗೆ ಹಾವಿನ ಚರ್ಮ: ಬಲವೇ, ಬರಿಯ ಹೊದಿಕೆಯೇ?

ಮಧುಗಿರಿಯಲ್ಲಿ ನಡೆದ ಒಂದು ವಿಜ್ಞಾನ ಶಿಬಿರ. ಪಾಠ ಮುಗಿದ ಮೇಲೆ ಪ್ರೌಢಶಾಲೆಯ ಹುಡುಗನೊಬ್ಬ ನನ್ನ ಬಳಿ ಬಂದ. ಒಂದು ಕೈಯಲ್ಲಿ ತಾನೇ ಕೆತ್ತಿದ ಮರದ ಬಿಲ್ಲು. ಇನ್ನೊಂದು ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ, ಒಣಗಿ ಮುರುಟಿಕೊಂಡ ಕೇರೆಹಾವಿನ ಚರ್ಮ. ಕಡಲೆಕಾಯಿ ಹೊಲದಲ್ಲಿ ಯಾರೋ ಹೊಡೆದು ಹಾಕಿದ್ದ ಹಾವು. “ಸಾರ್, ಇದನ್ನ ಬಿಲ್ಲಿಗೆ ಅಂಟಿಸಿದ್ರೆ ಬಾಣ ಇನ್ನೂ ದೂರ ಹೋಗುತ್ತಂತೆ, ನಿಜವಾ?” ಎಂದು ಕೇಳಿದ. ವಿದೇಶಿ ಬಿಲ್ಲುಗಳ ಚಿತ್ರದಲ್ಲಿ ಅಂಥ ಹೊಳೆಯುವ ಹೊದಿಕೆಯನ್ನು ಅವನು ನೋಡಿದ್ದನಂತೆ.

“ತಪ್ಪು, ಹಾಗೆ ಮಾಡಬಾರದು” ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಅವನು ಕೇಳಿದ್ದು ಭೌತವಿಜ್ಞಾನದ ಪ್ರಶ್ನೆ. ಅದಕ್ಕೆ ಭೌತವಿಜ್ಞಾನದ ಉತ್ತರವೇ ಸಲ್ಲಬೇಕು. ನಿಮ್ಮ ತರಗತಿಯಲ್ಲೂ ಇಂಥ ಪ್ರಶ್ನೆ ಏಳಬಹುದು. ಸ್ಥಿತಿಸ್ಥಾಪಕತೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಆರಂಭಿಸುವ ಅವಕಾಶವೂ ಸಿಗುವುದಿಲ್ಲ.

ಈ ಸೀಮೆ ಮತ್ತು ಬಿಲ್ಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಬಿಲ್ಲಿಗೆ ಹೊಸ ಊರುಗಳಲ್ಲ. ಬೆಟ್ಟದ ಮೇಲೆ ಕೋಟೆ ಕಟ್ಟಿ ಆಳಿದ ಪಾಳೆಯಗಾರರ ನಾಡು ಇದು. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೇಡ ನಾಯಕರ ನೆಲೆಯಾಗಿತ್ತು. ಶಿರಾ ಪಟ್ಟಣ 1687ರಿಂದ ಸುಮಾರು 70 ವರ್ಷ ಮೊಘಲರ ಸುಭಾದ ರಾಜಧಾನಿಯಾಗಿತ್ತು. ಹೀಗೆ ಎರಡು ಬಗೆಯ ಬಿಲ್ಲುಗಳ ಪರಂಪರೆ ಇಲ್ಲಿ ಎದುರಾಯಿತೆನ್ನಬಹುದು. ಒಂದು, ಮರ ಅಥವಾ ಬಿದಿರಿನಿಂದ ಮಾಡಿದ ಸರಳ ಬಿಲ್ಲು. ಇನ್ನೊಂದು, ಕೊಂಬು, ಮರ ಮತ್ತು ಪ್ರಾಣಿಯ ಸ್ನಾಯುರಜ್ಜುಗಳನ್ನು ಪದರ ಪದರವಾಗಿ ಅಂಟಿಸಿದ ಮೊಘಲ್ ಸೈನ್ಯದ ಸಂಯುಕ್ತ ಬಿಲ್ಲು.

ಪದರಗಳ ಬಿಲ್ಲು ಭಾರತಕ್ಕೆ ಮೊಘಲರ ಕಾಲದಲ್ಲಿ ಮೊದಲು ಬಂದದ್ದೇನೂ ಅಲ್ಲ. ವಿಷ್ಣುವಿನ ಬಿಲ್ಲಿನ ಹೆಸರು ಶಾರ್ಙ್ಗ. ಶೃಂಗ ಎಂದರೆ ಕೊಂಬು, ಶಾರ್ಙ್ಗ ಎಂದರೆ ಕೊಂಬಿನಿಂದಾದದ್ದು. ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ ಮತ್ತು ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಎಣಿಸುತ್ತದೆ. ಹೆದೆಗೆ ಬೇಕಾದ ನಾರುಗಳಲ್ಲಿ ನಮ್ಮ ಬೇಲಿಯ ಎಕ್ಕವನ್ನೂ ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಹಾವಿನ ಚರ್ಮವಿಲ್ಲ.

ಒಣ ಕಾಡಿನ ದಡಸಲು ಮರದ ಸಂಸ್ಕೃತ ಹೆಸರು ಧನ್ವನ. ಬಿಲ್ಲಿಗೆ ಒದಗುವ ಮರ ಎಂಬುದು ಹೆಸರಿನಲ್ಲೇ ಇದೆ. ಹಿಂದಿಯಲ್ಲಿ ಇದನ್ನು ಧಾಮನ್ ಎನ್ನುತ್ತಾರೆ. ಕೇರೆಹಾವಿಗೂ ಹಿಂದಿಯಲ್ಲಿ ಧಾಮನ್ ಎಂದೇ ಹೆಸರು! ಬಿಲ್ಲಿಗೆ ಈ ಎರಡು ಧಾಮನ್‌ಗಳಲ್ಲಿ ಯಾವುದು ಬೇಕು ಎಂಬುದೇ ನಮ್ಮ ಪ್ರಶ್ನೆ ಎನ್ನಿ.

ಬಗ್ಗಿದ ಬಿಲ್ಲಿನೊಳಗೆ ಏನಾಗುತ್ತದೆ?

ಬಿಲ್ಲು ಹಿಡಿದಾಗ ಗುರಿಯ ಕಡೆ ತಿರುಗಿರುವ ಮೈಯನ್ನು ಬೆನ್ನು ಎಂದೂ ನಮ್ಮ ಕಡೆಗಿರುವ ಮೈಯನ್ನು ಹೊಟ್ಟೆ ಎಂದೂ ಕರೆಯೋಣ. ನೀವು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಚರ್ಮ ಹಿಗ್ಗುತ್ತದೆ, ಹೊಟ್ಟೆಯ ಚರ್ಮ ಮಡಿಕೆ ಬೀಳುತ್ತದೆ. ಬಿಲ್ಲಿನಲ್ಲೂ ಅಷ್ಟೇ. ಹೆದೆ ಎಳೆದಾಗ ಬೆನ್ನಿನ ನಾರುಗಳು ಎಳೆತಕ್ಕೆ ಒಳಗಾಗಿ ಉದ್ದವಾಗುತ್ತವೆ. ಹೊಟ್ಟೆಯ ನಾರುಗಳು ಒತ್ತಡಕ್ಕೆ ಸಿಕ್ಕಿ ಗಿಡ್ಡವಾಗುತ್ತವೆ. ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದೇ ತಟಸ್ಥ ಪದರ.

ಒಂದು ಉದ್ದನೆಯ ರಬ್ಬರಿನ ಪಕ್ಕದ ಮೈ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದು ಬಗ್ಗಿಸಿ ನೋಡಿ. ಗೆರೆಗಳು ಹೊರಗಡೆ ದೂರ ಸರಿಯುತ್ತವೆ, ಒಳಗಡೆ ಹತ್ತಿರವಾಗುತ್ತವೆ, ನಡುವೆ ಮೊದಲಿನಂತೆಯೇ ಉಳಿಯುತ್ತವೆ. ತಟಸ್ಥ ಪದರದಿಂದ ದೂರ ಹೋದಷ್ಟೂ ಹಿಗ್ಗು ಹೆಚ್ಚು. ಹಾಗಾಗಿ ಅತ್ಯಂತ ಹೆಚ್ಚು ಕಷ್ಟ ಬೀಳುವುದು ಬೆನ್ನು ಮತ್ತು ಹೊಟ್ಟೆಯ ತೀರ ಹೊರಗಿನ ಪದರಗಳಿಗೆ.

ಲೆಕ್ಕ ಸುಲಭ. ಮೂಲ ಉದ್ದದಲ್ಲಿ ಎಷ್ಟು ಅಂಶ ಹಿಗ್ಗಿತು ಎಂಬುದನ್ನು ವಿಕೃತಿ ಎನ್ನುತ್ತೇವೆ. ಹೊರಪದರದ ವಿಕೃತಿ ಹೀಗಿದೆ:

ವಿಕೃತಿ = ಬಿಲ್ಲಿನ ದಪ್ಪ ÷ (2 × ಬಾಗಿನ ತ್ರಿಜ್ಯ)

ಬಿಲ್ಲಿನ ತೋಳು 15 ಮಿ.ಮೀ. ದಪ್ಪವಿದ್ದು 750 ಮಿ.ಮೀ. ತ್ರಿಜ್ಯಕ್ಕೆ ಬಾಗಿದರೆ ವಿಕೃತಿ 15 ÷ 1500, ಅಂದರೆ ಶೇ. 1. ಸಾಮಾನ್ಯ ಮರ ಮುರಿಯುವ ಹಂತವೂ ಹೆಚ್ಚು ಕಡಿಮೆ ಇದೇ. ಒಳ್ಳೆಯ ಬಿಲ್ಲು ಪ್ರತಿ ಸಲವೂ ಮುರಿತದ ಹೊಸ್ತಿಲವರೆಗೆ ಹೋಗಿ ಹಿಂದಿರುಗುತ್ತದೆ ಎಂದಾಯಿತು.

ಮುರಿತ ಬೆನ್ನಿನಲ್ಲೇ ಏಕೆ?

ಇಲ್ಲೊಂದು ಸೋಜಿಗವಿದೆ. ಗಂಟಿಲ್ಲದ, ನೇರ ನಾರಿನ ಮರ ನಾರಿನ ದಿಕ್ಕಿನಲ್ಲಿ ಒತ್ತಡವನ್ನು ತಾಳುವುದಕ್ಕಿಂತ ಸುಮಾರು ಎರಡರಷ್ಟು ಎಳೆತವನ್ನು ತಾಳಬಲ್ಲದು. ಹಾಗಿದ್ದರೆ ಮೊದಲು ಸೋಲಬೇಕಾದದ್ದು ಹೊಟ್ಟೆ. ನಿಜಕ್ಕೂ ಹೊಟ್ಟೆಯ ಮೇಲೆ ಸಣ್ಣ ಸುಕ್ಕಿನ ಗೆರೆಗಳು ಮೂಡುವುದುಂಟು. ಆದರೆ ಆ ಸೋಲು ನಿಧಾನದ್ದು. ಬಿಲ್ಲು ಪಟ್ಟೆಂದು ಎರಡು ತುಂಡಾಗುವುದು ಬಹುಪಾಲು ಬೆನ್ನಿನಿಂದಲೇ.

ಕಾರಣ, ಬೆನ್ನಿನ ನಾರುಗಳು ಎಲ್ಲೋ ಒಂದು ಕಡೆ ಕಡಿದಿರುತ್ತವೆ. ಕೆತ್ತುವಾಗ ಉಳಿ ನಾರಿಗೆ ಅಡ್ಡ ಹಾಯ್ದಿರಬಹುದು. ಗಂಟು ಇರಬಹುದು, ಗೀರು ಬಿದ್ದಿರಬಹುದು. ಎಳೆತ ಬಿದ್ದಾಗ ಕಡಿದ ನಾರಿನ ತುದಿ ಸಣ್ಣ ಸೀಳಾಗಿ ಮೇಲೇಳುತ್ತದೆ. ಸೀಳಿನ ಬುಡದಲ್ಲಿ ಪೀಡನ ಒಟ್ಟುಗೂಡುತ್ತದೆ, ಪಕ್ಕದ ನಾರು ಕಡಿಯುತ್ತದೆ, ಅದರ ಪಕ್ಕದ್ದು, ಮತ್ತೆ ಅದರ ಪಕ್ಕದ್ದು. ಇಡೀ ಸರಣಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಒತ್ತಡದಲ್ಲಿರುವ ಮೈಯಲ್ಲಿ ಬಿರುಕು ಮುಚ್ಚಿಕೊಳ್ಳುತ್ತದೆ, ಎಳೆತದಲ್ಲಿರುವ ಮೈಯಲ್ಲಿ ಬಾಯಿ ಬಿಡುತ್ತದೆ.

ಆದ್ದರಿಂದಲೇ ಅನುಭವಿಗಳು ಬೆನ್ನಿನ ಮೇಲೆ ಮರದ ಒಂದೇ ಬೆಳವಣಿಗೆಯ ಪದರವನ್ನು ತುದಿಯಿಂದ ತುದಿಗೆ ಕಡಿಯದೆ ಉಳಿಸುತ್ತಾರೆ. ಬಿದಿರಿನಲ್ಲಂತೂ ಗಟ್ಟಿ ನಾರು ಹೊರಸಿಪ್ಪೆಯ ಕಡೆ ದಟ್ಟವಾಗಿರುತ್ತದೆ. ಅದನ್ನು ಹೆರೆದರೆ ಬಿದಿರಿನ ಬಲವನ್ನೇ ಹೆರೆದಂತೆ.

ಹೊದಿಕೆಯ ವಿದ್ಯೆ

ಹಾಗೆ ಪದರ ಉಳಿಸಲಾಗದಿದ್ದರೆ? ಆಗ ಬೆನ್ನಿನ ಮೇಲೆ ಬೇರೆ ವಸ್ತುವನ್ನು ಅಂಟಿಸುವ ಉಪಾಯ ಬಂತು. ಇದರಲ್ಲಿ ಮೂರು ಬೇರೆ ಬೇರೆ ಉದ್ದೇಶಗಳಿವೆ. ಇವುಗಳನ್ನು ಬೆರೆಸಿಕೊಂಡದ್ದರಿಂದಲೇ ಹುಡುಗನಿಗೆ ಗೊಂದಲವಾಗಿದ್ದು.

ಮೊದಲನೆಯದು, ಶಕ್ತಿ ಕೂಡಿಡುವ ಹೊದಿಕೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಬಿಳಿಯ ಸ್ನಾಯುರಜ್ಜು ಮುರಿಯದೆ ಮರಕ್ಕಿಂತ ಹಲವು ಪಟ್ಟು ಹಿಗ್ಗಬಲ್ಲದು. ಒಂದು ಕಿಲೋಗ್ರಾಂ ಒಳ್ಳೆಯ ಬಿಲ್ಲು ಮರ ಸುಮಾರು 900 ಜೂಲ್, ಕೊಂಬು ಸುಮಾರು 1500 ಜೂಲ್, ಸ್ನಾಯುರಜ್ಜು ಸುಮಾರು 2500 ಜೂಲ್ ಶಕ್ತಿಯನ್ನು ಸ್ಥಿತಿಸ್ಥಾಪಕ ರೂಪದಲ್ಲಿ ಹಿಡಿದಿಡಬಲ್ಲವು. ಉಕ್ಕಿನ ಸ್ಪ್ರಿಂಗಿನ ಪಾಲು 130 ಜೂಲ್ ಮಾತ್ರ! ಎಳೆತಕ್ಕೆ ಸ್ನಾಯುರಜ್ಜು ಬೆನ್ನಿನಲ್ಲಿ, ಒತ್ತಡಕ್ಕೆ ಕೊಂಬು ಹೊಟ್ಟೆಯಲ್ಲಿ, ನಡುವೆ ತಟಸ್ಥ ಪದರದ ಬಳಿ ಹಗುರ ಮರ: ಶಿರಾದ ಸುಭೇದಾರನ ಸೈನಿಕರು ಹೆಗಲಿಗೇರಿಸಿದ ಬಗೆಯ ಬಿಲ್ಲಿನ ವಿನ್ಯಾಸ ಇದೇ.

ಎರಡನೆಯದು, ನಾರನ್ನು ಅದುಮಿ ಹಿಡಿಯುವ ಹೊದಿಕೆ. ಹಸಿ ತೊಗಲು, ನಾರುಬಟ್ಟೆ, ರೇಷ್ಮೆ ಇಂಥವು ಬಿಲ್ಲಿನ ಬಲವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಮೇಲೇಳುವ ಸೀಳನ್ನು ಏಳದಂತೆ ತಡೆಯುತ್ತವೆ. ಗಾಯಕ್ಕೆ ಕಟ್ಟಿದ ಪಟ್ಟಿಯ ಹಾಗೆ.

ಮೂರನೆಯದು, ಬರಿಯ ಕವಚ. ಉತ್ತರ ಅಮೆರಿಕದ ಮೂಲನಿವಾಸಿಗಳ ಕೆಲವು ಬಿಲ್ಲುಗಳಲ್ಲಿ ಕಾಣುವ ಹಾವಿನ ಚರ್ಮ ಈ ಗುಂಪಿಗೆ ಸೇರಿದ್ದು. ಅವರು ಮೊದಲು ಬೆನ್ನಿಗೆ ಸ್ನಾಯುರಜ್ಜುವಿನ ಎಳೆಗಳನ್ನು ಅಂಟಿಸುತ್ತಿದ್ದರು. ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟು ತೇವ ತಗಲಿದರೆ ಮೆತ್ತಗಾಗುತ್ತದೆ. ಅದನ್ನು ಮುಚ್ಚಲು ಅದರ ಮೇಲೆ ಬುಡುಬುಡಿಕೆ ಹಾವಿನ ಚರ್ಮ ಬಂತು. ಮಾಂಸದ ಅಂಶ ಹೆರೆದ ಚರ್ಮವನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವುದು, ತೆಳುವಾಗಿ ಅಂಟು ಬಳಿದು ಪ್ರತಿ ತೋಳಿಗೆ ಒಂದೊಂದರಂತೆ ಹಾಸುವುದು, ಗಾಳಿಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ತೀಡುವುದು, ಒಣಗಿದ ಮೇಲೆ ಅಂಚು ಕತ್ತರಿಸಿ ಸಡಿಲ ಹುರುಪೆ ತೆಗೆಯುವುದು, ಕೊನೆಗೆ ಕೊಬ್ಬು ಅಥವಾ ವಾರ್ನಿಷ್ ಸವರುವುದು. ಎರಡು ಚರ್ಮಗಳ ಕೂಡುಭಾಗ ಹಿಡಿಯ ಸುತ್ತಿನ ಕೆಳಗೆ ಮರೆಯಾಗುತ್ತದೆ. ನೋಡಲು ಸೊಗಸು, ನಿಜ. ಆದರೆ ಅಲ್ಲಿ ದುಡಿಯುತ್ತಿರುವುದು ಕೆಳಗಿನ ಸ್ನಾಯುರಜ್ಜು. ಮೇಲಿನ ಚರ್ಮ ಅದರ ಅಂಗಿ.

ಲೆಕ್ಕ ಹಾಕಿಯೇ ನೋಡೋಣ

ಆದರೂ ಚರ್ಮ ಸ್ವಲ್ಪವಾದರೂ ಬಲ ಕೊಡಬೇಕಲ್ಲವೇ? ಎಷ್ಟು ಎಂದು ನೋಡೋಣ. ಆಯತ ಛೇದದ ಪಟ್ಟಿಯೊಂದು ಬಾಗುವುದನ್ನು ಎದುರಿಸುವ ಪೆಡಸುತನ, ಯಂಗ್ ಗುಣಾಂಕ × ಅಗಲ × ದಪ್ಪದ ಘನ ÷ 12. ಬೆನ್ನಿಗೆ ಅಂಟಿಸಿದ ತೆಳು ಚರ್ಮ ತಟಸ್ಥ ಪದರದಿಂದ ಅರ್ಧ ದಪ್ಪದಷ್ಟು ದೂರದಲ್ಲಿದೆ. ಅದರ ಕೊಡುಗೆ, ಚರ್ಮದ ಗುಣಾಂಕ × ಅಗಲ × ಚರ್ಮದ ದಪ್ಪ × ಮರದ ದಪ್ಪದ ವರ್ಗ ÷ 4. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ:

ಹೆಚ್ಚಳದ ಅಂಶ = 3 × (ಚರ್ಮದ ದಪ್ಪ ÷ ಮರದ ದಪ್ಪ) × (ಚರ್ಮದ ಗುಣಾಂಕ ÷ ಮರದ ಗುಣಾಂಕ)

ಚರ್ಮ 0.3 ಮಿ.ಮೀ., ಮರ 15 ಮಿ.ಮೀ. ಇರಲಿ. ಒಣ ಚರ್ಮದ ಗುಣಾಂಕ ಮರದ ಹತ್ತನೆಯ ಒಂದು ಭಾಗ ಎಂದು ಧಾರಾಳವಾಗಿಯೇ ಹಿಡಿಯೋಣ. 3 × 0.02 × 0.1 = 0.006. ಹೆಚ್ಚಳ ಶೇ. 0.6!

ಧಾರಾಳವಾಗಿ ಎಂದದ್ದಕ್ಕೆ ಕಾರಣವಿದೆ. ಹಾವು ತನ್ನ ತಲೆಗಿಂತ ದಪ್ಪನೆಯ ಇಲಿಯನ್ನು ನುಂಗಬೇಕು, ಮೈ ಬಳುಕಿಸಿ ಹರಿಯಬೇಕು. ಅದರ ಚರ್ಮದೊಳಗಿನ ಕೊಲಾಜೆನ್ ಎಳೆಗಳು ಉದ್ದಕ್ಕೆ ನೇರವಾಗಿ ಓಡದೆ ಓರೆಯಾಗಿ ಒಂದನ್ನೊಂದು ಹಾಯುತ್ತವೆ. ಓರೆಯಾಗಿ ಕತ್ತರಿಸಿದ ಬಟ್ಟೆಯನ್ನು ಎಳೆದು ನೋಡಿ, ಸುಲಭವಾಗಿ ಹಿಗ್ಗುತ್ತದೆ. ಹಾವಿಗೆ ವರವಾದ ಈ ಗುಣ ಬಿಲ್ಲಿಗೆ ಏನೂ ಅಲ್ಲ. ಸ್ನಾಯುರಜ್ಜುವಿನಲ್ಲಿರುವುದೂ ಕೊಲಾಜೆನ್ನೇ. ಆದರೆ ಅಲ್ಲಿ ಎಳೆಗಳೆಲ್ಲ ಎಳೆತದ ದಿಕ್ಕಿನಲ್ಲೇ ಸಾಲಾಗಿ ನಿಂತಿವೆ. ವಸ್ತು ಒಂದೇ, ಜೋಡಣೆ ಬೇರೆ.

ಈಗ ಶೇ. 0.6ರ ಬೆಲೆ ಎಷ್ಟೆಂದು ನೋಡಿ. ಪೆಡಸುತನ ದಪ್ಪದ ಘನಕ್ಕೆ ಅನುಗುಣವಾದ್ದರಿಂದ ದಪ್ಪದಲ್ಲಿ ಶೇ. 0.2ರ ಹೆಚ್ಚಳ ಇದಕ್ಕೆ ಸಾಕು. 15 ಮಿ.ಮೀ.ಗೆ ಅದು 0.03 ಮಿ.ಮೀ. ಅಂದರೆ ಉಜ್ಜುಕಾಗದದಿಂದ ಬಿಲ್ಲನ್ನು ಉಜ್ಜುವಾಗ ಒಂದೆರಡು ಎಳೆತ ಕಡಿಮೆ ಉಜ್ಜಿದ್ದರೆ ಒಂದು ಹಾವಿನ ಚರ್ಮ ಕೊಡುವ ಬಲ ಬಿಲ್ಲಿನಲ್ಲೇ ಉಳಿದಿರುತ್ತಿತ್ತು! ಇದಕ್ಕೆ ಹೋಲಿಸಿ: 12 ಮಿ.ಮೀ. ಮರಕ್ಕೆ ಅಷ್ಟೇ ಗುಣಾಂಕದ 3 ಮಿ.ಮೀ. ಬಿದಿರ ಪಟ್ಟಿ ಅಂಟಿಸಿದರೆ ಪೆಡಸುತನ (15 ÷ 12)ರ ಘನ, ಅಂದರೆ ಸುಮಾರು ಎರಡರಷ್ಟಾಗುತ್ತದೆ.

ಬಾಣ ಎಷ್ಟು ದೂರ ಹೋದೀತು? ಬೇರೆಲ್ಲ ಒಂದೇ ಆಗಿದ್ದರೆ ಕೂಡಿಟ್ಟ ಶಕ್ತಿ ಶೇ. 0.6 ಹೆಚ್ಚುತ್ತದೆ. ದೂರ ವೇಗದ ವರ್ಗಕ್ಕೆ, ಎಂದರೆ ಶಕ್ತಿಗೆ ಅನುಗುಣ. 100 ಮೀಟರ್ ಹೋಗುತ್ತಿದ್ದ ಬಾಣ 60 ಸೆಂ.ಮೀ. ಮುಂದೆ ಬಿದ್ದೀತು. ಆದರೆ ಬೇರೆಲ್ಲ ಒಂದೇ ಆಗಿರುವುದಿಲ್ಲ. ಒಂದೂವರೆ ಮೀಟರ್ ಉದ್ದ, 35 ಮಿ.ಮೀ. ಅಗಲದ ಚರ್ಮ ಅಂಟಿನೊಂದಿಗೆ ಸುಮಾರು 20 ಗ್ರಾಂ ತೂಗುತ್ತದೆ. ಬಾಣದ ತೂಕವೇ 30 ಗ್ರಾಂ ಇರಬಹುದು. ಬಿಲ್ಲು ಬಾಣವನ್ನಷ್ಟೇ ಅಲ್ಲ, ತನ್ನ ತೋಳುಗಳನ್ನೂ ಮುಂದಕ್ಕೆ ತಳ್ಳಬೇಕು. ಕೊಪ್ಪಿನ ಬಳಿ ಕೂಡಿದ ಒಂದೊಂದು ಗ್ರಾಂ ಬಾಣದ ಪಾಲಿನ ಶಕ್ತಿಯನ್ನು ಕದಿಯುತ್ತದೆ. ಸಿಕ್ಕ 60 ಸೆಂ.ಮೀ.ನ ಸ್ವಲ್ಪ ಭಾಗವೋ ಪೂರ್ತಿಯೋ ಅಲ್ಲೇ ಕರಗುತ್ತದೆ.

ಚರ್ಮದ ನಿಜವಾದ ಗುಣ

ಹಾಗಾದರೆ ಹಾವಿನ ಚರ್ಮ ನಿಷ್ಪ್ರಯೋಜಕವೇ? ಪೂರ್ತಿ ಅಲ್ಲ. ಒಣ ನೆಲದಲ್ಲಿ ಬದುಕುವ ಹಾವಿಗೆ ಮೈಯ ನೀರು ಆವಿಯಾಗದಂತೆ ಉಳಿಸಿಕೊಳ್ಳುವುದು ಜೀವನ್ಮರಣದ ಪ್ರಶ್ನೆ. ಹುರುಪೆಯ ಹೊರಪದರದಲ್ಲಿರುವ ಕೊಬ್ಬಿನಂಶ ನೀರನ್ನು ತಡೆಯುತ್ತದೆ. ಅದೇ ಗುಣ ಬಿಲ್ಲಿನ ಮೇಲೆ ತೇವಕ್ಕೆ ತಡೆಯಾಗುತ್ತದೆ.

ತೇವದ ವಿಷಯ ಸಣ್ಣದಲ್ಲ. ಮರದ ತೇವಾಂಶ ಶೇ. 1 ಏರಿದರೆ ಅದರ ಗುಣಾಂಕ ಸುಮಾರು ಶೇ. 2 ಇಳಿಯುತ್ತದೆ. ಪಾವಗಡದ ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಬಿಲ್ಲು ಮಳೆಗಾಲದಲ್ಲಿ ಶೇ. 5ರಷ್ಟು ತೇವ ಹೀರಿದರೆ ಶೇ. 10ರಷ್ಟು ಸಡಿಲವಾಗಬಹುದು. ಚರ್ಮ ಕೊಡುವ ಶೇ. 0.6 ಇದರ ಮುಂದೆ ಏನೇನೂ ಅಲ್ಲ. ಆದರೆ ಚರ್ಮ ಮುಚ್ಚುವುದು ಬೆನ್ನನ್ನು ಮಾತ್ರ. ಉಳಿದ ಮೂರು ಮೈಗಳಿಂದ ತೇವ ಒಳಹೋಗುತ್ತದೆ. ನಾಲ್ಕೂ ಮೈಗೆ ಎರಡು ಮೂರು ಸಲ ಬಳಿದ ವಾರ್ನಿಷ್ ಇದಕ್ಕಿಂತ ಒಳ್ಳೆಯ ತಡೆ.

ತರಗತಿಯಲ್ಲಿ ಮಾಡಿ ನೋಡಿ

60 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲದ ಒಂದೇ ಅಳತೆಯ ಮೂರು ಮರದ ಪಟ್ಟಿಗಳನ್ನು ಬಡಗಿಯಿಂದ ಮಾಡಿಸಿ. ಮೊದಲು ಒಂದೊಂದನ್ನೂ ಎರಡು ಸ್ಟೂಲುಗಳ ನಡುವೆ ಇಟ್ಟು ಮಧ್ಯಕ್ಕೆ ತೂಕ ತೂಗುಹಾಕಿ ಎಷ್ಟು ಬಾಗಿತೆಂದು ಅಳೆಯಿರಿ. ಬಳಿಕ ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಹಳೆಯ ರೇಷ್ಮೆ ಬಟ್ಟೆಯನ್ನು, ಎಳೆಗಳು ಉದ್ದಕ್ಕೆ ಬರುವಂತೆ, ಮರಗೆಲಸದ ಅಂಟಿನಿಂದ ಅಂಟಿಸಿ. ಮೂರನೆಯದಕ್ಕೆ ತೆಳು ಬಿದಿರ ಪಟ್ಟಿ ಅಂಟಿಸಿ. ಎರಡು ದಿನ ಒಣಗಲಿ. ಮತ್ತೆ ಅಳೆಯಿರಿ. ಈ ಜೋಡಣೆಯಲ್ಲಿ ಎಳೆತ ಬೀಳುವುದು ಪಟ್ಟಿಯ ಕೆಳಮೈಗೆ, ಆದ್ದರಿಂದ ಅಂಟಿಸಿದ ಮೈ ಕೆಳಗಿರಬೇಕು ಎಂಬುದನ್ನು ವಿದ್ಯಾರ್ಥಿಗಳೇ ಯೋಚಿಸಿ ಹೇಳಲಿ.

ಬಿದಿರಿನ ಪಟ್ಟಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ರೇಷ್ಮೆಯದರಲ್ಲಿ ಬಾಗು ಹೆಚ್ಚು ಬದಲಾಗುವುದಿಲ್ಲ. ಅದರ ಗುಣ ಕಾಣುವುದು ಮುರಿಯುವಾಗ. ಬರಿಯ ಪಟ್ಟಿಯ ಸೀಳುಗಳು ಹೊರಕ್ಕೆ ಚಿಮ್ಮುತ್ತವೆ, ರೇಷ್ಮೆ ಹೊದಿಸಿದ್ದರಲ್ಲಿ ಬಟ್ಟೆ ಅವನ್ನು ಹಿಡಿದುಕೊಳ್ಳುತ್ತದೆ. ಈ ಕೊನೆಯ ಭಾಗವನ್ನು ಶಿಕ್ಷಕರೇ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಮಕ್ಕಳನ್ನು ದೂರ ನಿಲ್ಲಿಸಿ ಮಾಡಬೇಕು. ಬಿಲ್ಲು ಮಾಡುವ ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣ ಕೊಂಡೊಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿನಲ್ಲೇ ಉಳಿದು ಅದನ್ನು ಸೀಳಬಹುದು.

ಚರ್ಮದ ಲೆಕ್ಕ, ಹಾವಿನ ಲೆಕ್ಕ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಕೃಷ್ಣಮೃಗಗಳಿಗೆ 2007ರಿಂದ ಜಯಮಂಗಲಿ ಮೀಸಲು ಪ್ರದೇಶವಿದೆ. ಶಿರಾದ ಬುಕ್ಕಾಪಟ್ಟಣದಲ್ಲಿ 2019ರಿಂದ ಚಿಂಕಾರಗಳಿಗೆ ವನ್ಯಧಾಮವಿದೆ. ಕಾನೂನು ಕಾಯುವುದು ಇಂಥ ಪ್ರಾಣಿಗಳನ್ನು ಮಾತ್ರ ಎಂದು ಅನೇಕರ ಎಣಿಕೆ. ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹೊಲದ ಬದುವಿನ ಕೇರೆಹಾವಿಗೂ ಇದೆ. ನಾಗರಹಾವು, ಕೊಳಕುಮಂಡಲ, ಹೆಬ್ಬಾವುಗಳಿಗೂ ಇದೆ. ಕೊಲ್ಲುವುದು, ಚರ್ಮ ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ತಾನಾಗಿ ಸತ್ತು ಬಿದ್ದ ಹಾವಾದರೂ ಅದು ಸರ್ಕಾರದ ಸ್ವತ್ತು.

ಕಾನೂನಿಗಿಂತ ಮೊದಲು ಬರುವುದು ಹೊಲ. ಕೇರೆಹಾವಿಗೆ ವಿಷವಿಲ್ಲ. ಶಿರಾ, ಪಾವಗಡಗಳ ಕಡಲೆಕಾಯಿ ಹೊಲದಲ್ಲಿ ಬಿಲ ತೋಡಿ ಕಾಯಿ ಸಾಗಿಸುವ ಇಲಿಯನ್ನು ಬಿಲದೊಳಗೇ ನುಗ್ಗಿ ಹಿಡಿಯುವ ಪ್ರಾಣಿ ಅದು.

ಆ ದಿನ ಹುಡುಗನೊಂದಿಗೆ ಕೂತು ಶೇ. 0.6ರ ಲೆಕ್ಕವನ್ನು ಕಾಗದದ ಮೇಲೆ ಮಾಡಿದೆ. 0.03 ಮಿ.ಮೀ. ಎಂಬ ಉತ್ತರ ಬಂದಾಗ ಅವನು ಬಿಲ್ಲನ್ನೊಮ್ಮೆ, ಚರ್ಮವನ್ನೊಮ್ಮೆ ನೋಡಿದ. “ಇಷ್ಟಕ್ಕಾ ಸಾರ್?” ಎಂದ. ಚರ್ಮವನ್ನು ಏನು ಮಾಡಬೇಕೆಂದು ಅರಣ್ಯ ಇಲಾಖೆಯವರನ್ನು ಕೇಳುವಂತೆ ಅವನ ಶಿಕ್ಷಕರಿಗೆ ಹೇಳಿದೆ. ಬಿಲ್ಲಿನ ಬೆನ್ನಿನ ಮೇಲೆ ಅವನ ಉಳಿ ಎರಡು ಕಡೆ ನಾರು ಕಡಿದಿತ್ತು. ಅದನ್ನು ತೋರಿಸಿ, ಮುಂದಿನ ಬಿಲ್ಲಿನಲ್ಲಿ ಅಲ್ಲಿ ನಿಗಾ ಇಡು ಎಂದೆ. ಈಗಿನದಕ್ಕೆ ಮನೆಯಲ್ಲಿ ಹಳೆಯ ರೇಷ್ಮೆ ಬಟ್ಟೆ ಇದ್ದರೆ ಕೇಳಿ ನೋಡು ಎಂದೂ ಹೇಳಿದೆ.